ಬ್ರೇಕ್ ಆಯಿಲ್ ಎಲ್ಲಿ ಹೋಯಿತು?



ಅಡುಗೆಮನೆಯ ಎಣ್ಣೆ ಡಬ್ಬ ಬೇಗ ಬರಿದಾದರೆ ನಾವು ಸುಮ್ಮನಿರುವುದಿಲ್ಲ. ಎತ್ತಿ ತಳ ಮುಟ್ಟಿ ನೋಡುತ್ತೇವೆ. ಆದರೆ ನಮ್ಮ ಹಳೆಯ ಮಾರುತಿ ಓಮ್ನಿಯ ಬ್ರೇಕ್ ಆಯಿಲ್ ಎರಡು ತಿಂಗಳಲ್ಲಿ ಮೂರು ಬಾರಿ ಇಳಿದಾಗ ಹಾಗೆ ಮಾಡಲಿಲ್ಲ. "ಹಳೆ ಗಾಡಿಯಲ್ವಾ, ಕುಡಿಯುತ್ತೆ" ಎಂದು ಗ್ಯಾರೇಜಿನವರು ತುಂಬಿಸಿ ಕೊಟ್ಟರು. ನಾವೂ ನಂಬಿದೆವು.

ಕಳೆದ ವರ್ಷ ಒಂದು ನಿಕಾಹ್ ಮುಗಿಸಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ತಿರುವಿನಲ್ಲಿ ನಮ್ಮವರು ಬ್ರೇಕ್ ಒತ್ತಿದರೆ ಪೆಡಲ್ ಪೂರ್ತಿ ಕೆಳಗಿಳಿಯಿತು. ಮತ್ತೆ ಮತ್ತೆ ತುಳಿದು, ಗೇರ್ ಇಳಿಸಿ, ಹೇಗೋ ಬದಿಗೆ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಉಮ್ಮ ಮತ್ತು ಮೂವರು ಮಕ್ಕಳಿದ್ದರು.

ಗಾಡಿಯನ್ನು ಎಳೆಸಿಕೊಂಡು ಬಂದ ಮೇಲೆ ಹಿರಿಯ ಮೆಕ್ಯಾನಿಕ್ ಒಬ್ಬರು ಹಿಂದಿನ ಚಕ್ರದ ಡ್ರಮ್ ಬಿಚ್ಚಿ ತೋರಿಸಿದರು. ಒಳಗೆಲ್ಲ ಒದ್ದೆ. "ಟೀಚರ್, ಬ್ರೇಕ್ ಆಯಿಲ್ ಪೆಟ್ರೋಲಿನಂತೆ ಉರಿದು ಹೋಗುವುದಿಲ್ಲ. ಇಳಿದಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ" ಎಂದರು. ಬ್ರೇಕ್ ಶೂ ಸವೆದಂತೆ ಮಟ್ಟ ನಿಧಾನವಾಗಿ ತುಸು ಇಳಿಯಬಹುದು, ಅಷ್ಟೇ.

ನಾವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಹೊರಟ ಒತ್ತಡ ಸಣ್ಣ ಕೊಳವೆಗಳ ಮೂಲಕ ಚಕ್ರದ ಸಿಲಿಂಡರಿಗೆ ತಲುಪುತ್ತದೆ. ಅಲ್ಲಿನ ಪುಟ್ಟ ಪಿಸ್ಟನ್‌ಗಳು ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತವೆ. ಆಯಿಲ್ ಹೊರಬಾರದಂತೆ ತಡೆಯುವುದು ಬೆರಳ ತುದಿಯಷ್ಟಿರುವ ರಬ್ಬರ್ ಕಪ್. ಅದು ಗಟ್ಟಿಯಾದರೆ ಅಥವಾ ಸಿಲಿಂಡರ್ ಒಳಗೆ ತುಕ್ಕು ಹಿಡಿದರೆ ಸೋರಿಕೆ ಶುರು. ಆಯಿಲ್ ಕುಡಿದ ಶೂ ಸರಿಯಾಗಿ ಹಿಡಿಯದು. ಹ್ಯಾಂಡ್‌ಬ್ರೇಕ್ ಕೂಡ ಅದೇ ಹಿಂದಿನ ಶೂಗಳನ್ನು ನಂಬಿರುವುದರಿಂದ ಅದೂ ಕೈಕೊಡುತ್ತದೆ.

ಈ ತುಕ್ಕಿಗೆ ಕಾರಣ ತೇವ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದೆಂಬುದು ನಿಯಮ. ತೇವ ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಗುಳ್ಳೆಯೆದ್ದು ಪೆಡಲ್ ಮೆತ್ತಗಾಗುತ್ತದೆ. ಆದ್ದರಿಂದಲೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ತೆರೆದಿಟ್ಟ ಹಳೆಯ ಬಾಟಲಿಯದ್ದು ಬೇಡ.

ಅವರು ಎರಡೂ ಬದಿಗೆ ಹೊಸ ಸಿಲಿಂಡರ್, ಹೊಸ ಶೂ ಹಾಕಿದರು. ಸಿಲಿಂಡರಿನಲ್ಲಿ ಗುಳಿ ಬಿದ್ದಿದ್ದರೆ ರಬ್ಬರ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಈ ರಬ್ಬರಿಗೆ ಎಂಜಿನ್ ಆಯಿಲ್, ಪೆಟ್ರೋಲ್ ತಾಗಲೇಬಾರದು, ಉಬ್ಬಿ ಹಾಳಾಗುತ್ತದೆ.

ಕೊನೆಗೆ ಏರ್ ತೆಗೆಯಲು ಪೆಡಲ್ ಒತ್ತುವ ಕೆಲಸ ನನಗೇ ಬಂತು. "ಒತ್ತಿ ಹಿಡಿಯಿರಿ" ಎನ್ನುತ್ತಿದ್ದರು. ಅವರು ಚಕ್ರದ ಬಳಿಯ ನಿಪ್ಪಲ್ ಸಡಿಲಿಸಿದಾಗ ಕೊಳವೆಯಲ್ಲಿ ಗುಳ್ಳೆಗಳು ಬರುತ್ತಿದ್ದವು. ನಿಪ್ಪಲ್ ಮುಚ್ಚಿದ ಮೇಲಷ್ಟೇ ನಾನು ಕಾಲು ತೆಗೆಯಬೇಕಿತ್ತು, ಇಲ್ಲವಾದರೆ ಗಾಳಿ ಮರಳಿ ಒಳಸೇರುತ್ತದೆ. ಗುಳ್ಳೆ ನಿಂತಾಗ ಪೆಡಲ್ ಕಾಲಿಗೆ ಗಟ್ಟಿಯಾಗಿ ಸಿಕ್ಕಿತು. ಆ ಗಟ್ಟಿತನ ಈಗ ನನಗೆ ಚೆನ್ನಾಗಿ ಗೊತ್ತು.

ಕಾರು ಓಡಿಸಲು ಬಾರದಿದ್ದರೂ ನೀವು ಇಷ್ಟು ಮಾಡಬಹುದು. ತಿಂಗಳಿಗೊಮ್ಮೆ ಆಯಿಲ್ ಡಬ್ಬಿಯ ಗೆರೆ ನೋಡಿ. ಚಕ್ರದ ಒಳಬದಿಯಲ್ಲಿ ಒದ್ದೆಯಿದೆಯೇ ಗಮನಿಸಿ. ಪೆಡಲ್ ಮೆತ್ತಗಿದೆಯೇ ಎಂದು ಮನೆಯವರನ್ನು ಕೇಳಿ. "ತುಂಬಿಸಿದ್ದೇವೆ" ಎಂದು ಯಾರಾದರೂ ಹೇಳಿದರೆ ಸಮಾಧಾನಪಡಬೇಡಿ. ಮೊದಲು ಇದ್ದದ್ದು ಎಲ್ಲಿ ಹೋಯಿತೆಂದು ಕೇಳಿ. ಉತ್ತರ ಸಿಗುವವರೆಗೆ ಮಕ್ಕಳನ್ನು ಆ ಕಾರು ಹತ್ತಿಸಬೇಡಿ.