ಬೆಂಗಳೂರಿನ ಗನ್ ಲೈಸೆನ್ಸ್ ಅತ್ತಿಬೆಲೆ ದಾಟಿದ ಮೇಲೂ ನಡೆಯುತ್ತಾ?

‘ಲೈಸೆನ್ಸ್ ಇದೆಯಲ್ಲಾ ಸಾರ್, ಇನ್ನೇನು ಭಯ?’ ಗನ್ ಇಟ್ಟುಕೊಂಡವರ ಬಾಯಲ್ಲಿ ಬರೋ ಸಾಮಾನ್ಯ ಮಾತಿದು. ರಾಜಾಜಿನಗರದ ವ್ಯಾಪಾರಿ ಇರಲಿ, ಬಸವೇಶ್ವರನಗರದ ನಿವೃತ್ತ ಅಧಿಕಾರಿ ಇರಲಿ, ರಿವಾಲ್ವರ್ ಸೊಂಟಕ್ಕೆ ಸಿಕ್ಕಿಸಿಕೊಂಡು ಕಾರಲ್ಲಿ ಹೊಸೂರಿಗೋ ಕೊಲ್ಹಾಪುರಕ್ಕೋ ಹೊರಡುವ ಮುಂಚೆ ಲೈಸೆನ್ಸ್ ಪುಸ್ತಕದ ಒಂದು ಸಾಲನ್ನು ಓದಲೇಬೇಕು. ಅದು ‘ಯಾವ ಪ್ರದೇಶಕ್ಕೆ ಊರ್ಜಿತ’ ಅನ್ನೋ ಸಾಲು.

ಸಾಲು ಚಿಕ್ಕದು, ತೂಕ ದೊಡ್ಡದು

ನಗರದಲ್ಲಿ ಲೈಸೆನ್ಸ್ ಕೊಡುವವರು ಪೊಲೀಸ್ ಕಮಿಷನರ್. ಕಮಿಷನರೇಟ್ ಇಲ್ಲದ ಕಡೆ ಜಿಲ್ಲಾಧಿಕಾರಿ. ಆ ಸಾಲಿನಲ್ಲಿ ಜಿಲ್ಲೆ ಅಥವಾ ರಾಜ್ಯ ಅಂತಷ್ಟೇ ಇದ್ದರೆ, ಅತ್ತಿಬೆಲೆ ಗಡಿ ದಾಟಿದ ಕೂಡಲೇ ಷರತ್ತು ಮುರಿದಂತೆ. ಇಡೀ ಭಾರತಕ್ಕೆ ಬೇಕಾದರೆ ಕಾರಣ ಕೊಟ್ಟು ಬೇರೆಯಾಗಿ ಕೇಳಬೇಕು. ಅದು ಎಲ್ಲರಿಗೂ ಸಲೀಸಾಗಿ ಸಿಗೋದಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 30ರ ಪ್ರಕಾರ ಷರತ್ತು ಉಲ್ಲಂಘನೆಗೆ 6 ತಿಂಗಳವರೆಗೆ ಜೈಲು, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಸೆನ್ಸೇ ಇಲ್ಲದೆ ಗನ್ ಇಟ್ಟುಕೊಂಡ ಕೇಸು ಅಂತಾದರೆ ಕಥೆಯೇ ಬೇರೆ. 2019ರ ತಿದ್ದುಪಡಿ ನಂತರ ಸೆಕ್ಷನ್ 25ರಡಿ 2ರಿಂದ 5 ವರ್ಷ ಶಿಕ್ಷೆ. ಅದೇ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಗನ್‌ಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಲೈಸೆನ್ಸ್ ಅವಧಿಯನ್ನು 3ರಿಂದ 5 ವರ್ಷಕ್ಕೆ ಏರಿಸಿತು.

ಮುಚ್ಚಿಡೋದು ತಪ್ಪಾ?

ಅಮೆರಿಕದಲ್ಲಿ ಗನ್ ಮರೆಮಾಚಿ ಒಯ್ಯಲು ಎಷ್ಟೋ ರಾಜ್ಯಗಳು ಬೇರೆ ಪರ್ಮಿಟ್ ಕೊಡುತ್ತವೆ. ಸಿನಿಮಾ ನೋಡಿ ನಮ್ಮವರೂ ಹಾಗೇ ಅಂದುಕೊಂಡಿದ್ದಾರೆ. ನಮ್ಮಲ್ಲಿ ಉಲ್ಟಾ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ರಿವಾಲ್ವರ್, ಪಿಸ್ತೂಲು ಹೋಲ್‌ಸ್ಟರ್‌ನಲ್ಲೇ ಇರಬೇಕು, ಉದ್ದ ಬಂದೂಕು ಚೀಲದೊಳಗೇ ಇರಬೇಕು. ಝಳಪಿಸಿದರೆ ತಪ್ಪು. ಜಾತ್ರೆ, ಮೆರವಣಿಗೆ, ಶಾಲಾ ಕಾಲೇಜು ಆವರಣಕ್ಕೂ ನಿರ್ಬಂಧವಿದೆ. ಅಂದರೆ ಗನ್ ಮುಚ್ಚಿಟ್ಟಿದ್ದಕ್ಕೆ ಕೇಸಾಗಲ್ಲ, ಪ್ರದೇಶ ಮೀರಿದ್ದಕ್ಕೆ ಆಗುತ್ತೆ.

ಕೊಡವರಿಗೆ ಬೇರೆ ಲೆಕ್ಕ

ನಮ್ಮ ಭಾಗದಲ್ಲೂ ನೆಲೆಸಿರುವ ಕೊಡವ ಕುಟುಂಬಗಳಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಹಾಗಂತ ಮನೆಯ ಕೋವಿಯನ್ನು ಎಲ್ಲಿಗೆ ಬೇಕಾದರೂ, ಎಷ್ಟು ಬೇಕಾದರೂ ಒಯ್ಯಬಹುದು ಅಂತಲ್ಲ. ಜಿಲ್ಲೆಯ ಹೊರಗೆ ಮಿತಿಯಿದೆ. ವಿನಾಯಿತಿ ಪತ್ರ ಜೊತೆಗಿರಲಿ.

ಬ್ಯಾಗಿನ ಮೂಲೆಯ ಒಂದು ಗುಂಡು

ವಿಮಾನದ ಕ್ಯಾಬಿನ್‌ಗೆ ಗನ್ ನಿಷಿದ್ಧ. ಚೆಕ್‌ಇನ್‌ನಲ್ಲಿ ಮೊದಲೇ ಹೇಳಿ, ಗುಂಡು ತೆಗೆದು, ಲೈಸೆನ್ಸ್ ತೋರಿಸಬೇಕು. ಹಳೇ ಬ್ಯಾಗಿನಲ್ಲಿ ಮರೆತ ಒಂದೇ ಒಂದು ಸಜೀವ ಗುಂಡು ಸ್ಕ್ಯಾನರ್‌ನಲ್ಲಿ ಕಂಡರೂ ಠಾಣೆ ಮೆಟ್ಟಿಲು ಹತ್ತಬೇಕಾಗುತ್ತೆ. ತನ್ನ ಬಳಿ ಇದೆ ಅಂತ ಗೊತ್ತೇ ಇರಲಿಲ್ಲ ಅನ್ನೋ ವಾದವನ್ನು ಕೋರ್ಟ್‌ಗಳು ಎಷ್ಟೋ ಸಲ ಒಪ್ಪಿವೆ. ಆದರೆ ಅದು ಸಾಬೀತಾಗೋ ಹೊತ್ತಿಗೆ ಫ್ಲೈಟೂ ಹೋಗಿರುತ್ತೆ, ದುಡ್ಡೂ ಹೋಗಿರುತ್ತೆ. ವಿಜಯನಗರ, ಕೆಂಗೇರಿ ಮೆಟ್ರೋ ನಿಲ್ದಾಣಗಳಲ್ಲೂ ಬ್ಯಾಗ್ ತಪಾಸಣೆ ಇದ್ದೇ ಇದೆ.

ಅಸಲಿ ಆತಂಕ

ಇಷ್ಟೆಲ್ಲಾ ಬಿಗಿ ಇರೋದು ಲೈಸೆನ್ಸ್ ಇದ್ದವರಿಗೆ. ಕೆಂಗೇರಿ ಪಕ್ಕದ ರಾಜರಾಜೇಶ್ವರಿ ನಗರದಲ್ಲಿ 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಅವರನ್ನು ಕೊಂದ ಪಿಸ್ತೂಲಿಗೆ ಯಾವ ಪುಸ್ತಕವೂ ಇರಲಿಲ್ಲ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರ ಹತ್ಯೆಗೂ ಅದೇ ನಾಡ ಪಿಸ್ತೂಲು ಬಳಕೆಯಾಗಿತ್ತು ಎಂದು ತನಿಖೆ ಹೇಳಿತು. ಅಕ್ರಮ ಗನ್ನು ಊರೂರು ಸುತ್ತುತ್ತೆ, ಸಕ್ರಮ ಗನ್ನಿನವರು ಒಂದು ಸಾಲು ಓದದೆ ಸಿಕ್ಕಿಬೀಳುತ್ತಾರೆ. ಗಡಿಯಲ್ಲಿ ತಪಾಸಣೆ ಬೇಡ ಅನ್ನೋಕೆ ಇದು ಕಾರಣವಲ್ಲ. ಅಕ್ರಮ ಗನ್ ಹಿಡಿಯೋಕೆ ತಪಾಸಣೆ ಬೇಕೇ ಬೇಕು. ಪೊಲೀಸರ ಸಮಯ ಅದಕ್ಕೆ ಉಳಿಯಬೇಕಾದರೆ ಸಕ್ರಮದವರ ದಾಖಲೆ ಸರಿ ಇರಬೇಕು.

ಅದಕ್ಕೆ ಇಲಾಖೆ ಒಂದು ಕೆಲಸ ಮಾಡಬಹುದು. ನವೀಕರಣಕ್ಕೆ ಬಂದವರಿಗೆ ಈ ಷರತ್ತುಗಳನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಅಚ್ಚು ಹಾಕಿ ಕೊಡಲಿ. ಖರ್ಚು ಹೆಚ್ಚಿಲ್ಲ.

ಹೊರಡುವ ಮುಂಚೆ ನೋಡಿಕೊಳ್ಳಿ:
* ಲೈಸೆನ್ಸ್ ಅವಧಿ ಮುಗಿದಿಲ್ಲ ತಾನೇ? ಯುಐಎನ್ ಸಂಖ್ಯೆ ಇದೆಯಾ?
* ಹೋಗುವ ರಾಜ್ಯ ಪುಸ್ತಕದ ವ್ಯಾಪ್ತಿಯಲ್ಲಿದೆಯಾ?
* ಮೂಲ ಲೈಸೆನ್ಸ್ ಜೊತೆಗಿದೆಯಾ?
* ಅಲ್ಲಿ ಚುನಾವಣೆ ನೀತಿ ಸಂಹಿತೆ ಜಾರಿಯಲ್ಲಿದೆಯಾ?

ಒಂದಕ್ಕೆ ‘ಗೊತ್ತಿಲ್ಲ’ ಅಂತಾದರೂ ಗನ್ ಬೆಂಗಳೂರಲ್ಲೇ ಇರಲಿ.