ಅರ್ಥವಾಗದ ಕಾಗದದ ಮೇಲೆ ಹೆಬ್ಬೆಟ್ಟು: ಗಡಿನಾಡಿನಲ್ಲಿ ಕುಟುಂಬ ಯೋಜನೆ

2024ರ ನವೆಂಬರಿನಲ್ಲಿ ಆಂಧ್ರಪ್ರದೇಶದ ವಿಧಾನಸಭೆಯು, ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲುವಂತಿಲ್ಲವೆಂಬ ಮೂರು ದಶಕಗಳ ಹಳೆಯ ನಿಯಮವನ್ನು ತೆಗೆದುಹಾಕುವ ಮಸೂದೆಗಳನ್ನು ಅಂಗೀಕರಿಸಿತು. ಹೆಚ್ಚು ಮಕ್ಕಳನ್ನು ಪಡೆಯಿರೆಂದು ಅಲ್ಲಿನ ಮುಖ್ಯಮಂತ್ರಿಗಳು ಅದಕ್ಕೆ ಮೊದಲೇ ಕರೆಕೊಟ್ಟಿದ್ದರು. ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯ ಆತಂಕದಿಂದ ತಮಿಳುನಾಡಿನ ಮುಖ್ಯಮಂತ್ರಿಗಳೂ ಅದೇ ಧಾಟಿಯಲ್ಲಿ ಮಾತನಾಡಿದರು. ಇತ್ತ ಮಹಾರಾಷ್ಟ್ರದ ಕಾನೂನಿನಲ್ಲಿ, 2001ರ ಸೆಪ್ಟೆಂಬರಿನ ಬಳಿಕ ಮೂರನೆಯ ಮಗು ಹುಟ್ಟಿದವರಿಗೆ ಪಂಚಾಯಿತಿಯ ಬಾಗಿಲು ಮುಚ್ಚಿದೆ. ರಾಯದುರ್ಗದ ಮನೆಯಲ್ಲೂ ಜತ್ತದ ಮನೆಯಲ್ಲೂ ಆಡುವ ಮಾತು ಒಂದೇ ಕನ್ನಡ. ಆದರೆ ಒಬ್ಬ ಸೊಸೆಗೆ ‘ಇನ್ನೂ ಬೇಕು’ ಎಂಬ ಉಪದೇಶ, ಇನ್ನೊಬ್ಬಳಿಗೆ ‘ಎರಡೇ ಸಾಕು’ ಎಂಬ ನಿರ್ಬಂಧ. ಅವಳಿಗೆ ಎಷ್ಟು ಬೇಕೆಂದು ಕೇಳಿದವರು ಎರಡೂ ಕಡೆ ಕಾಣುವುದಿಲ್ಲ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಈ ಮಾತಿಗೆ ಅಂಕಿಗಳ ಆಧಾರ ಒದಗಿಸುತ್ತದೆ. ದೇಶದ ಒಟ್ಟು ಫಲವಂತಿಕೆಯ ದರ 2.0ಕ್ಕೆ ಇಳಿದಿದೆ, ಆಂಧ್ರ, ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಅದು 1.7. ಜನಸಂಖ್ಯಾ ಸ್ಫೋಟವೆಂಬ ಹಳೆಯ ಪಠ್ಯಪುಸ್ತಕದ ಪಾಠ ನಮ್ಮ ಸೀಮೆಗೆ ಹೊಂದುವುದಿಲ್ಲ. ಆದರೆ ಈ ಇಳಿಕೆಯ ಭಾರವನ್ನು ಹೊತ್ತವರು ಯಾರು? ದೇಶದ ವಿವಾಹಿತ ಮಹಿಳೆಯರಲ್ಲಿ ಶೇ. 37.9 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದವರು. ಪುರುಷರ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ ದಂಪತಿಗಳು ಶೇ. 0.3 ಮಾತ್ರ. ಆಂಧ್ರದಲ್ಲಿ ಆ ಮೊದಲನೆಯ ಅಂಕಿ ಶೇ. 70ನ್ನು ಮುಟ್ಟುತ್ತದೆ, ಕರ್ನಾಟಕದಲ್ಲಿ ಶೇ. 57ರಷ್ಟಿದೆ. ಅಂದರೆ ನಮ್ಮಲ್ಲಿ ಕುಟುಂಬ ಯೋಜನೆಯೆಂದರೆ ಬೇಗ ಮದುವೆ, ಬೇಗ ಎರಡು ಹೆರಿಗೆ, ಇಪ್ಪತ್ತೈದರ ಆಸುಪಾಸಿನಲ್ಲಿ ‘ಆಪರೇಷನ್’. ಮೊದಲ ಮಗುವನ್ನು ಎರಡು ವರ್ಷ ಮುಂದೂಡಬೇಕೆಂದರೆ, ಎರಡು ಮಕ್ಕಳ ನಡುವೆ ನಾಲ್ಕು ವರ್ಷ ಅಂತರವಿಡಬೇಕೆಂದರೆ ಆಕೆಗೆ ಬಳಕೆಯ ದಾರಿಯೇ ಪರಿಚಯವಿಲ್ಲ. ಮತ್ತೆ ಹೆರಿರೆಂದು ಈಗ ಕರೆಕೊಡುವವರು, ಆ ಶೇ. 70ರಲ್ಲಿ ಎಷ್ಟು ಮಂದಿಗೆ ಹಿಂದಿರುಗಲು ಸಾಧ್ಯವಿಲ್ಲದ ದಾರಿಯೊಂದನ್ನೇ ತೋರಿಸಲಾಗಿತ್ತೆಂಬುದನ್ನು ಮರೆತಿದ್ದಾರೆ.

ಈ ವ್ಯವಸ್ಥೆಯ ಕೊರತೆಗಳನ್ನು ಬಯಲಿಗೆಳೆದ ದಾಖಲೆಯೊಂದು ಶಾಲೆಯ ಕೊಠಡಿಯಿಂದಲೇ ಹೊರಟಿತೆಂಬುದು ಶಿಕ್ಷಕರಾದವರಿಗೆ ಹೆಚ್ಚು ನೋವಿನ ಸಂಗತಿ. 2012ರ ಜನವರಿ 7ರ ರಾತ್ರಿ ಬಿಹಾರದ ಅರರಿಯಾ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ, ಸುಮಾರು ಎರಡು ಗಂಟೆಗಳ ಅವಧಿಯಲ್ಲಿ, ಒಬ್ಬನೇ ಶಸ್ತ್ರವೈದ್ಯ 53 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ಮಾಡಿದ. ಮಕ್ಕಳ ಮೇಜುಗಳೇ ಶಸ್ತ್ರಚಿಕಿತ್ಸೆಯ ಮಂಚಗಳಾದವು, ಟಾರ್ಚಿನ ಬೆಳಕೇ ದೀಪವಾಯಿತು, ಹರಿಯುವ ನೀರಿರಲಿಲ್ಲ. ಅವರಲ್ಲಿ ಒಬ್ಬಾಕೆ ಆಗಲೇ ಗರ್ಭಿಣಿಯಾಗಿದ್ದಳು. ಆರೋಗ್ಯ ಕಾರ್ಯಕರ್ತೆ ದೇವಿಕಾ ಬಿಸ್ವಾಸ್ ಆ ಊರಿಗೆ ಹೋದರು, ಮಹಿಳೆಯರ ಹೇಳಿಕೆಗಳನ್ನು ಪಡೆದರು, ಸತ್ಯಶೋಧನೆಯ ವರದಿಯೊಂದಿಗೆ ಅದೇ ವರ್ಷ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಪ್ರಕರಣ ವಿಚಾರಣೆಯಲ್ಲಿದ್ದಾಗಲೇ, 2014ರ ನವೆಂಬರಿನಲ್ಲಿ, ಛತ್ತೀಸಗಢದ ಬಿಲಾಸಪುರ ಜಿಲ್ಲೆಯಲ್ಲಿ ಒಂದೇ ದಿನ ಒಬ್ಬನೇ ವೈದ್ಯ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ನಡೆಸಿದ. ಆ ಜಿಲ್ಲೆಯ ಶಿಬಿರಗಳಲ್ಲಿ 13 ಮಂದಿ ತಾಯಂದಿರು ಪ್ರಾಣ ಕಳೆದುಕೊಂಡರು. 2010ರಿಂದ 2013ರವರೆಗೆ ದೇಶದಲ್ಲಿ ಇಂತಹ ಶಸ್ತ್ರಚಿಕಿತ್ಸೆಗಳ ವೇಳೆ ಅಥವಾ ಅನಂತರ 363 ಸಾವುಗಳಾಗಿದ್ದವೆಂಬುದು ನ್ಯಾಯಾಲಯದ ದಾಖಲೆಯಲ್ಲಿ ಸೇರಿತು.

2016ರ ಸೆಪ್ಟೆಂಬರ್ 14ರಂದು ನ್ಯಾಯಮೂರ್ತಿ ಮದನ್ ಲೋಕೂರ್ ಮತ್ತು ನ್ಯಾಯಮೂರ್ತಿ ಯು. ಯು. ಲಲಿತ್ ಅವರಿದ್ದ ಪೀಠ ತೀರ್ಪಿತ್ತಿತು. ಶಿಬಿರಗಳ ಪದ್ಧತಿಯನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕು, ಗುರಿಗಳನ್ನು ಹೇರಬಾರದು ಎಂಬ ಭಾಗಗಳನ್ನು ಪತ್ರಿಕೆಗಳು ಚೆನ್ನಾಗಿಯೇ ಬರೆದವು. ಗಡಿನಾಡಿನವರಾದ ನಾವು ಓದಬೇಕಾದ ಸಾಲು ಬೇರೆಯಿದೆ. 2005ರಲ್ಲಿ ರಮಾಕಾಂತ ರೈ ಪ್ರಕರಣದಲ್ಲಿ ಇದೇ ನ್ಯಾಯಾಲಯ ಸೂಚಿಸಿದ್ದ ತಪಾಸಣಾ ಪಟ್ಟಿಯನ್ನು ಶಸ್ತ್ರಚಿಕಿತ್ಸೆಗೆ ಬಂದವರಿಗೆ ‘ಅವರಿಗೆ ಅರ್ಥವಾಗುವ ಭಾಷೆಯಲ್ಲಿ’ ವಿವರಿಸಬೇಕು, ಪರಿಣಾಮಗಳನ್ನೂ ತಿಳಿಸಬೇಕು, ಮನಸ್ಸು ಬದಲಾದರೆ ಹಿಂದಿರುಗಿ ಹೋಗಲು ಅನುವಾಗುವಂತೆ ಸುಮಾರು ಒಂದು ಗಂಟೆಯ ಬಿಡುವು ಕೊಡಬೇಕು. ರಾಜ್ಯದ ಆಡಳಿತ ಭಾಷೆಯಲ್ಲಿ ವಿವರಿಸಿದರೆ ಸಾಕೆಂದು ನ್ಯಾಯಾಲಯ ಹೇಳಲಿಲ್ಲ. ಆ ಹೆಣ್ಣುಮಗಳಿಗೆ ಅರ್ಥವಾಗಬೇಕೆಂದಿತು.

ನಮ್ಮ ಸೀಮೆಯಲ್ಲಿ ಈ ಮಾತಿನ ತೂಕ ಎಷ್ಟೆಂದು ತಿಳಿಯಲು ಪದಗಳನ್ನೇ ನೋಡಬಹುದು. ತಮಿಳಿನಲ್ಲಿ ಕುಟುಂಬ ಯೋಜನೆಗೆ ‘ಕುಡುಂಬ ಕಟ್ಟುಪ್ಪಾಡು’ ಎನ್ನುತ್ತಾರೆ; ಅಲ್ಲಿ ಅದರ ಅರ್ಥ ನಿಯಂತ್ರಣ. ತಾಳವಾಡಿಯ ಕನ್ನಡತಿಯ ಕಿವಿಗೆ ‘ಕಟ್ಟುಪಾಡು’ ಎಂದರೆ ಮೀರಲಾಗದ ಕಟ್ಟಳೆ. ಮಲಯಾಳಂನಲ್ಲಿ ಶಸ್ತ್ರಚಿಕಿತ್ಸೆಯ ಹೆಸರು ‘ವಂಧ್ಯಂಕರಣಂ’. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದವಳಿಗೆ ಮೊದಲು ನೆನಪಾಗುವುದು ‘ವಂಧ್ಯೆ’, ಎಂದರೆ ಬಂಜೆ. ಎರಡು ಮಕ್ಕಳ ತಾಯಿಗೆ ಆ ಮಾತು ಎಷ್ಟು ಚುಚ್ಚೀತೆಂದು ಹೇಳಬೇಕಿಲ್ಲ. ಮರಾಠಿಯ ‘ಕುಟುಂಬ ನಿಯೋಜನ’ ಅಷ್ಟು ಅಪಾಯಕಾರಿಯಲ್ಲ, ಆದರೂ ನಮ್ಮ ಶಿಕ್ಷಕರ ಕಿವಿಗೆ ನಿಯೋಜನೆಯೆಂದರೆ ದೂರದ ಶಾಲೆಗೆ ಕಳಿಸುವ ಆದೇಶ! ಹತ್ತಿರದ ಭಾಷೆಗಳ ತೊಡಕೇ ಇದು. ಪೂರ್ತಿ ಅಪರಿಚಿತ ಪದವಾಗಿದ್ದರೆ ಕೇಳಿ ತಿಳಿಯುತ್ತೇವೆ. ಪರಿಚಿತವೆನಿಸುವ ಪದ ತಪ್ಪು ಅರ್ಥದಲ್ಲೇ ಮನಸ್ಸಿನಲ್ಲಿ ನೆಲೆಯೂರುತ್ತದೆ. ಸಂತೆಯಲ್ಲಿ ತಮಿಳು, ಮರಾಠಿ, ತೆಲುಗು ಸಲೀಸಾಗಿ ಆಡುವ ಹೆಂಗಸು ಕೂಡ ಮುಟ್ಟು, ರಕ್ತಸ್ರಾವ, ಗರ್ಭಕೋಶಗಳ ಸೂಕ್ಷ್ಮವನ್ನು ಆ ಭಾಷೆಯಲ್ಲಿ ಕೇಳಲು ಹಿಂಜರಿಯುತ್ತಾಳೆ. ತವರು ಕರ್ನಾಟಕದಲ್ಲಿದ್ದು ಗಡಿಯಾಚೆಗೆ ಸೊಸೆಯಾಗಿ ಹೋದವಳ ಸ್ಥಿತಿ ಇನ್ನೂ ಕಷ್ಟ. ಚೊಚ್ಚಲ ಹೆರಿಗೆ ತವರಿನಲ್ಲಿ, ತಾಯಿ ಕಾರ್ಡು ಕನ್ನಡದಲ್ಲಿ. ಮುಂದಿನ ಸಲಹೆಯೆಲ್ಲ ಗಂಡನ ಊರಿನಲ್ಲಿ, ಬೇರೆ ಲಿಪಿಯಲ್ಲಿ.

ಮಾತಿಗೆ ಇಷ್ಟು ಮಹತ್ವ ಕೊಡುವುದು ಭಾಷಾಭಿಮಾನದ ಅತಿರೇಕವೆಂದು ಕೆಲವರಿಗೆ ಅನ್ನಿಸಬಹುದು. ಅವರು ಬಾಂಗ್ಲಾದೇಶದ ಮಾತ್ಲಾಬ್ ಸಂಶೋಧನೆಯನ್ನು ಗಮನಿಸಬೇಕು. 1975ರಲ್ಲಿ ಅಲ್ಲಿ ಗರ್ಭನಿರೋಧಕ ಗುಳಿಗೆ ಮತ್ತು ನಿರೋಧ್‌ಗಳನ್ನು ಮನೆಮನೆಗೆ ಹಂಚಲಾಯಿತು. ಬಳಕೆ ಕೆಲಕಾಲ ಏರಿತು, ಮತ್ತೆ ಇಳಿಯಿತು. 1977ರ ಅಕ್ಟೋಬರಿನಿಂದ ಕ್ರಮವನ್ನು ಬದಲಿಸಿದರು. ಅದೇ ಊರುಗಳ, ಓದುಬರಹ ಬಲ್ಲ, ಮದುವೆಯಾದ ಸುಮಾರು 80 ಮಹಿಳೆಯರನ್ನು ತರಬೇತಿಗೊಳಿಸಿ ಎರಡು ವಾರಗಳಿಗೊಮ್ಮೆ ಮನೆಗಳಿಗೆ ಕಳಿಸಿದರು. ಅವರು ಹಲವು ವಿಧಾನಗಳ ವಿಷಯ ಹೇಳುತ್ತಿದ್ದರು, ಅಡ್ಡಪರಿಣಾಮವಾದರೆ ಮರಳಿ ಬಂದು ವಿಚಾರಿಸುತ್ತಿದ್ದರು, ಒಂದು ಒಗ್ಗದಿದ್ದರೆ ಇನ್ನೊಂದನ್ನು ಸೂಚಿಸುತ್ತಿದ್ದರು. ಹದಿನೆಂಟು ತಿಂಗಳುಗಳಲ್ಲಿ ಬಳಕೆಯ ಪ್ರಮಾಣ ಶೇ. 7ರಿಂದ ಶೇ. 30ನ್ನು ದಾಟಿತು. ಗುಳಿಗೆಗಳು ಮೊದಲೂ ಇದ್ದವು. ನಂಬಿ ಮಾತನಾಡಬಲ್ಲ ಒಬ್ಬಾಕೆ ಇರಲಿಲ್ಲ. ನಮ್ಮ ಆಶಾ ಕಾರ್ಯಕರ್ತೆಯರ ವ್ಯವಸ್ಥೆ ಕಾಗದದ ಮೇಲೆ ಇದಕ್ಕೆ ಬಹಳ ಹತ್ತಿರದ್ದು. ಹಾಗಿದ್ದೂ, ಯಾವ ವಿಧಾನವನ್ನೂ ಬಳಸದ ಮಹಿಳೆಯರಲ್ಲಿ ಆರೋಗ್ಯ ಕಾರ್ಯಕರ್ತೆ ಎಂದಾದರೂ ಈ ವಿಷಯ ಮಾತನಾಡಿಸಿದ್ದು ಶೇ. 23.9 ಮಂದಿಯನ್ನು ಮಾತ್ರವೆಂದು ಐದನೆಯ ಸಮೀಕ್ಷೆ ಹೇಳುತ್ತದೆ.

ಸಂಶೋಧನೆಯೆಂದರೆ ಸದಾ ಹೊಸ ವಿಧಾನಗಳ ಪರವಾದ ಪ್ರಚಾರವೆಂದೂ ತಿಳಿಯಬಾರದು. 1985ರಲ್ಲಿ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ (ನಮ್ಮ ಜಹೀರಾಬಾದ್ ಕನ್ನಡಿಗರು ನಿತ್ಯ ಹಾದುಹೋಗುವ ಊರು) ‘ನೆಟ್-ಎನ್’ ಎಂಬ ಚುಚ್ಚುಮದ್ದಿನ ಪ್ರಯೋಗಕ್ಕೆ ಮಹಿಳೆಯರನ್ನು ಸೇರಿಸಿಕೊಳ್ಳುವಾಗ, ಇದು ಪ್ರಯೋಗವೆಂಬುದನ್ನೇ ಸರಿಯಾಗಿ ತಿಳಿಸಿರಲಿಲ್ಲವೆಂದು ಸ್ತ್ರೀ ಶಕ್ತಿ ಸಂಘಟನೆಯವರು ಪತ್ತೆಹಚ್ಚಿದರು. ಮರುವರ್ಷ ಇತರ ಮಹಿಳಾ ಸಂಘಟನೆಗಳೊಡಗೂಡಿ ನ್ಯಾಯಾಲಯಕ್ಕೆ ಹೋದರು. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ‘ಅಂತರಾ’ ಚುಚ್ಚುಮದ್ದು ಮತ್ತು ಲಖನೌದ ಪ್ರಯೋಗಾಲಯದಲ್ಲಿ ರೂಪುಗೊಂಡ ‘ಛಾಯಾ’ ಗುಳಿಗೆ ಉಚಿತವಾಗಿ ದೊರೆಯುತ್ತವೆ; 2017ರಿಂದ ಇವು ಕಾರ್ಯಕ್ರಮದಲ್ಲಿವೆ. ಅಂತರಾ ಮೂರು ತಿಂಗಳಿಗೊಮ್ಮೆ. ಮುಟ್ಟಿನಲ್ಲಿ ಏರುಪೇರಾಗಬಹುದು, ಬಿಟ್ಟ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು. ಛಾಯಾ ಮೊದಲ ಮೂರು ತಿಂಗಳು ವಾರಕ್ಕೆರಡು, ಬಳಿಕ ವಾರಕ್ಕೊಂದು. ವಂಕಿಯನ್ನು ಬೇಕೆಂದಾಗ ತೆಗೆಸಬಹುದು. ಪುರುಷರ ಶಸ್ತ್ರಚಿಕಿತ್ಸೆ ಮಹಿಳೆಯರದಕ್ಕಿಂತ ಸರಳ ಮತ್ತು ಕಡಿಮೆ ಅಪಾಯದ್ದು, ಆದರೆ ಮೊದಲ ಮೂರು ತಿಂಗಳು ಬೇರೆ ಎಚ್ಚರಿಕೆ ಅಗತ್ಯ. ಇಷ್ಟನ್ನು ತಿಳಿಸಿಕೊಟ್ಟರೆ ಆಯ್ಕೆ ಅವಳದು. ತಿಳಿಸದೆ ಚುಚ್ಚಿದರೆ ಒಳ್ಳೆಯ ಔಷಧವೂ ಅಪನಂಬಿಕೆಯನ್ನೇ ಬಿತ್ತುತ್ತದೆ.

ಇನ್ನು ನಮ್ಮ ಕೆಲಸ. ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಟಿತ ಕೋಷ್ಟಕಗಳಲ್ಲಿ ಜಾತಿ, ಧರ್ಮ, ಶಿಕ್ಷಣ, ಆರ್ಥಿಕ ಸ್ಥಿತಿಗಳ ವಿಂಗಡಣೆಯಿದೆ, ಮಾತೃಭಾಷೆಯದಿಲ್ಲ. ಆದ್ದರಿಂದ ಕಾಸರಗೋಡಿನ ಅಂಕಿಯಲ್ಲಿ ಕನ್ನಡತಿಯೂ ಸೊಲ್ಲಾಪುರದ ಅಂಕಿಯಲ್ಲಿ ಅಕ್ಕಲಕೋಟೆಯವಳೂ ಕಾಣದೆ ಹೋಗುತ್ತಾರೆ. ಕಾಣದವರ ಪರವಾಗಿ ಮನವಿ ಬರೆದರೆ ಕಚೇರಿಯಲ್ಲಿ ‘ಆಧಾರ ಎಲ್ಲಿದೆ?’ ಎಂಬ ಪ್ರಶ್ನೆ ಬರುತ್ತದೆ, ಅದು ನ್ಯಾಯವಾದ ಪ್ರಶ್ನೆಯೇ. ಆಧಾರವನ್ನು ನಾವು ಸಿದ್ಧಪಡಿಸಬೇಕು. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಬಹುದಾದ ಸಂಗತಿಗಳು ಸರಳ: ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಪ್ಪಿಗೆ ಪತ್ರ ಮತ್ತು ತಪಾಸಣಾ ಪಟ್ಟಿ ಯಾವ ಯಾವ ಭಾಷೆಗಳಲ್ಲಿವೆ? ಕನ್ನಡ ಬಲ್ಲ ಆಶಾ ಮತ್ತು ದಾದಿಯರು ಎಷ್ಟು ಮಂದಿ? ಕಳೆದ ಮೂರು ವರ್ಷಗಳಲ್ಲಿ ಅಂತರಾ, ಛಾಯಾ, ವಂಕಿ, ಶಸ್ತ್ರಚಿಕಿತ್ಸೆ ಪಡೆದವರು ವರ್ಷಕ್ಕೆ ಎಷ್ಟು? ಈ ಉತ್ತರಗಳ ಜೊತೆಗೆ, ಶಾಲಾ ಪೋಷಕರ ಸಭೆಗೆ ಬರುವ ತಾಯಂದಿರೇ ತಮ್ಮ ಓರಗೆಯವರನ್ನು ಮಾತನಾಡಿಸಿ, ಹೆಸರು ಬರೆಯದೆ, ಯಾವ ಭಾಷೆಯಲ್ಲಿ ಏನು ವಿವರಿಸಿದರೆಂದು ದಾಖಲಿಸಬಹುದು. ಈ ಕೆಲಸಕ್ಕೆ ಮಕ್ಕಳನ್ನು ಬಳಸಕೂಡದು, ಗಂಡಸರನ್ನು ಕಳಿಸಕೂಡದು. ಹೇಳಲು ಮನಸ್ಸಿಲ್ಲದವರನ್ನು ಒತ್ತಾಯಿಸಲೂ ಕೂಡದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಉತ್ತರದ ರಾಜ್ಯಗಳಲ್ಲಿ ಶಸ್ತ್ರಚಿಕಿತ್ಸೆಗೆ ‘ಕೇಸು’ ತರದ ಶಿಕ್ಷಕರ ಸಂಬಳ ತಡೆಹಿಡಿದದ್ದು ಷಾ ಆಯೋಗದ ಮುಂದೆ ಬಂದ ಸಂಗತಿ. ಶಾಲೆ ಮತ್ತೆ ಅಂತಹ ಒತ್ತಾಯದ ಕೈಯಾಗಬಾರದು.

ಹೀಗೆ ಕೂಡಿಸಿದ ಮಾಹಿತಿಗೆ ಎರಡು ಆಸರೆಗಳಿವೆ. ಒಂದು, 2016ರ ತೀರ್ಪು. ಇನ್ನೊಂದು, ಜಿಲ್ಲೆ ಅಥವಾ ತಾಲ್ಲೂಕಿನ ಜನರಲ್ಲಿ ಶೇ. 15ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಆಡುವ ಅಲ್ಪಸಂಖ್ಯಾತ ಭಾಷೆಯಲ್ಲಿ ಮುಖ್ಯ ನಿಯಮ, ಪ್ರಕಟಣೆಗಳನ್ನು ಒದಗಿಸಬೇಕೆಂಬ, ರಾಜ್ಯಗಳು ಒಪ್ಪಿಕೊಂಡಿರುವ ರಕ್ಷಣಾ ಕ್ರಮ. ಅದರ ಪಾಲನೆಯನ್ನು ನೋಡಿಕೊಳ್ಳಲೆಂದೇ ಸಂವಿಧಾನದ 350-ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿದ್ದಾರೆ. ನಾವು ಇದುವರೆಗೆ ಆ ಆಯುಕ್ತರಿಗೆ ಪಠ್ಯಪುಸ್ತಕ, ಶಿಕ್ಷಕರ ನೇಮಕಾತಿಗಳ ಬಗ್ಗೆಯೇ ಹೆಚ್ಚಾಗಿ ಬರೆದಿದ್ದೇವೆ. ಒಪ್ಪಿಗೆ ಪತ್ರದ ಕನ್ನಡ ಅನುವಾದವನ್ನೂ ಅದೇ ಪಟ್ಟಿಗೆ ಸೇರಿಸಬೇಕು. ಖರ್ಚಿನ ನೆಪ ಇಲ್ಲಿ ನಿಲ್ಲುವುದಿಲ್ಲ: ಗಡಿಯ ಈಚೆ ಕರ್ನಾಟಕದ ಆಸ್ಪತ್ರೆಗಳ ಕನ್ನಡ ನಮೂನೆಗಳನ್ನು ತರಿಸಿ, ಊರಿನ ಮಾತಿಗೆ ಹೊಂದಿಸಿ ಮುದ್ರಿಸಿದರಾಯಿತು. 1930ರಲ್ಲೇ ಸರ್ಕಾರಿ ಗರ್ಭನಿರೋಧ ಚಿಕಿತ್ಸಾಲಯಗಳನ್ನು ತೆರೆದದ್ದು ಮೈಸೂರು ಸಂಸ್ಥಾನ. ಈ ವಿಷಯಕ್ಕೆ ಕನ್ನಡದಲ್ಲಿ ಪದಗಳಿಲ್ಲವೆನ್ನುವಂತಿಲ್ಲ.

ಹೆಣ್ಣುಮಕ್ಕಳ ಓದಿನ ಮಾತನ್ನು ಇಲ್ಲಿ ಬಿಡಲಾಗದು. ಏಳನೆಯ ಅಥವಾ ಹತ್ತನೆಯ ತರಗತಿಯ ಬಳಿಕ ಕನ್ನಡ ಮಾಧ್ಯಮ ಸಮೀಪದಲ್ಲಿ ಸಿಗದ ಊರುಗಳಲ್ಲಿ ಗಂಡುಮಕ್ಕಳು ಬಸ್ಸು ಹತ್ತುತ್ತಾರೆ, ಹೆಣ್ಣುಮಕ್ಕಳಿಗೆ ವರ ನೋಡುತ್ತಾರೆ. 20ರಿಂದ 24ರ ವಯೋಮಾನದ ಮಹಿಳೆಯರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ದೇಶದಲ್ಲಿ ಶೇ. 23.3. ಹದಿನೇಳರಲ್ಲಿ ಮದುವೆಯಾದವಳಿಗೆ ಒಪ್ಪಿಗೆ ಪತ್ರದ ಅನುವಾದ ತಲುಪುವುದು ತಡವಾಗಿಯೇ. ಆದ್ದರಿಂದ ಮೇಲ್ದರ್ಜೆಯ ಕನ್ನಡ ತರಗತಿಗಳ ಬೇಡಿಕೆಯನ್ನೂ ಈ ಬೇಡಿಕೆಯನ್ನೂ ಒಂದೇ ಮನವಿಯಲ್ಲಿ ಕೊಡುವುದು ಸರಿ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದಿದೆ. ಸಹಿಗೋ ಹೆಬ್ಬೆಟ್ಟಿಗೋ ಮೊದಲು ಕಾಗದವನ್ನು ಕನ್ನಡದಲ್ಲಿ ಓದಿ ಹೇಳುವಂತೆ ಕೇಳಿ. ಒಂದು ಗಂಟೆಯ ಬಿಡುವು ನ್ಯಾಯಾಲಯವೇ ಕೊಟ್ಟದ್ದು, ಅದನ್ನು ಪಡೆಯಿರಿ. ಶಸ್ತ್ರಚಿಕಿತ್ಸೆಗೆ ಗಂಡನ ಸಹಿ ಕಡ್ಡಾಯವಲ್ಲ. ಶಸ್ತ್ರಚಿಕಿತ್ಸೆ ವಿಫಲವಾದರೆ ಪರಿಹಾರದ ಯೋಜನೆಯಿದೆ, ಆದರೆ ದಾಖಲೆ ಬೇಕಾಗುತ್ತದೆ. ಬಿಡುಗಡೆಯ ಚೀಟಿಯನ್ನು ಮಕ್ಕಳ ವರ್ಗಾವಣೆ ಪತ್ರದಷ್ಟೇ ಜೋಪಾನವಾಗಿಡಿ. ಯಾರೂ ವಿವರಿಸದಿದ್ದರೆ ದಿನಾಂಕ, ಆರೋಗ್ಯ ಕೇಂದ್ರದ ಹೆಸರು, ಆಡಿದ ಭಾಷೆ ಇವಿಷ್ಟನ್ನು ಬರೆದಿಟ್ಟು, ಮುಂದಿನ ಪೋಷಕರ ಸಭೆಯಲ್ಲಿ ಮಾಹಿತಿ ಕೂಡಿಸುವ ತಾಯಂದಿರ ಕೈಗೆ ಕೊಡಿ.