ಹೊಗೆಸೊಪ್ಪಿನ ಆಸರೆ: ಮುಂದುವರಿಯಬೇಕೆ, ಹಿಂದೆ ಸರಿಯಬೇಕೆ?

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪು ಪ್ರಮುಖ ವಾಣಿಜ್ಯ ಬೆಳೆ. ಬೆಳೆಯಲು ಪರವಾನಗಿ ಕೊಡುವುದೂ ಸರ್ಕಾರವೇ, ಸೇವನೆ ತಗ್ಗಲೆಂದು ತೆರಿಗೆ ಹೇರುವುದೂ ಸರ್ಕಾರವೇ. ಬೆಳೆಗಿರುವ ಸರ್ಕಾರಿ ಆಸರೆ ಉಳಿಯಬೇಕೆ ಎಂಬ ಪ್ರಶ್ನೆಯಲ್ಲಿ ಎರಡೂ ಕಡೆಯವರ ಕಾಳಜಿ ಪ್ರಾಮಾಣಿಕವಾದದ್ದೇ.

ಉಳಿಯಲಿ ಎನ್ನುವವರ ಬಲವಾದ ಆಧಾರ ಮಾರುಕಟ್ಟೆ. 1976ರಲ್ಲಿ ಸ್ಥಾಪನೆಯಾದ ತಂಬಾಕು ಮಂಡಳಿ ಪ್ರತಿ ವರ್ಷ ಬೆಳೆಯ ಮಿತಿ ನಿಗದಿಪಡಿಸುತ್ತದೆ. 1984ರಿಂದ ಕರ್ನಾಟಕದಲ್ಲಿ ಹರಾಜನ್ನೂ ನಡೆಸುತ್ತಿದೆ. ರೈತ ತಂದ ಬೇಲ್ ತೂಕವಾಗಿ, ಗ್ರೇಡ್ ನಿಶ್ಚಯವಾಗಿ, ಎಲ್ಲರೆದುರು ದರ ನಿಲ್ಲುತ್ತದೆ; ಹಣ ಖಾತೆಗೆ ಬರುತ್ತದೆ. ಮುಸುಕಿನ ಜೋಳಕ್ಕೆ ಬೆಂಬಲ ಬೆಲೆ ಘೋಷಣೆಯಾದರೂ ಖರೀದಿಯ ಖಾತ್ರಿಯಿಲ್ಲ. ಶುಂಠಿಯ ದರ ಒಂದು ವರ್ಷ ಏರಿದರೆ ಮತ್ತೊಂದು ವರ್ಷ ನೆಲ ಕಚ್ಚುತ್ತದೆ. ಕೆ.ಆರ್. ನಗರದ ಕಾಲುವೆ ಬಯಲಿನವರಂತೆ ಭತ್ತ ನಾಟಿ ಮಾಡೋಣವೆಂದರೆ ಈ ಹೊಲಗಳಿಗೆ ನೀರಿಲ್ಲ.

ಆದರೆ ಹರಾಜಿನ ದರದಲ್ಲಿ ಕಾಣಿಸದ ವೆಚ್ಚಗಳಿವೆ ಎಂಬ ವಿರೋಧಿಗಳ ಮಾತೂ ಅಷ್ಟೇ ತೂಕದ್ದು. ಕಿತ್ತ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಹದಮಾಡುವ ಮನೆಯಾದ ಬ್ಯಾರನ್ನಿನಲ್ಲಿ ನೇತುಹಾಕಿ, ದಿನಗಟ್ಟಲೆ ಹಗಲಿರುಳೂ ಬೆಂಕಿ ಕಾಯಬೇಕು. ಒಂದು ಕಿಲೋ ಸೊಪ್ಪು ಹದವಾಗಲು ಸಾಮಾನ್ಯವಾಗಿ ಅದರ ಹಲವು ಪಟ್ಟು ಸೌದೆ ಬೇಕು. ಪಕ್ಕದಲ್ಲೇ ನಾಗರಹೊಳೆಯ ಕಾಡಿದೆ. ಹಸಿ ಎಲೆ ಮುಟ್ಟುವ ಕೂಲಿಯವರಿಗೆ ನಿಕೋಟಿನ್ ಚರ್ಮದ ಮೂಲಕ ಏರಿ ವಾಕರಿಕೆ, ತಲೆಸುತ್ತು ಬರುವುದುಂಟು. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇ 28.6ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅವರ ಕಾಯಿಲೆಯ ಹೊರೆ ಹೊರುವುದು ಮನೆಯವರು ಮತ್ತು ಸರ್ಕಾರಿ ಆಸ್ಪತ್ರೆಗಳು.

ಇದಕ್ಕೆ ಬೆಳೆಗಾರರ ಪರವಾದ ಉತ್ತರವೂ ಉಂಟು. ಇಲ್ಲಿನ ಸೊಪ್ಪಿನ ಗಣನೀಯ ಪಾಲು ರಫ್ತಾಗುತ್ತದೆ. ಹುಣಸೂರು ಬೆಳೆಯದಿದ್ದರೆ ಬ್ರೆಜಿಲ್, ಜಿಂಬಾಬ್ವೆ ಬೆಳೆಯುತ್ತವೆ. ಸೇದುವವರ ಸಂಖ್ಯೆ ತಗ್ಗದೆ ನಮ್ಮ ರೈತರ ಆದಾಯವಷ್ಟೇ ತಗ್ಗೀತು. ಮಂಡಳಿ ಹಿಂದೆ ಸರಿದರೆ ಬೆಳೆ ನಿಲ್ಲುವ ಬದಲು ದಲ್ಲಾಳಿಗಳ ಕೈಗೆ ಹೋಗುವ ಅಪಾಯವೂ ಇದೆ.

ಹಾಗೆಂದು ಇರುವುದೇ ಸುರಕ್ಷಿತವೆಂದೂ ಹೇಳಲಾಗದು. ದೊಡ್ಡ ಖರೀದಿದಾರರು ಬೆರಳೆಣಿಕೆಯಷ್ಟು. ಅವರು ಕೊಳ್ಳಲು ಹಿಂಜರಿದ ವರ್ಷ ಬ್ಯಾರನ್ ಸಾಲ ರೈತನ ಕೊರಳಿಗೆ ಬೀಳುತ್ತದೆ. ಭಾರತವು 2004ರಲ್ಲಿ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 17ನೇ ವಿಧಿ, ಬೆಳೆಗಾರರಿಗೆ ಆರ್ಥಿಕವಾಗಿ ಗಿಟ್ಟುವ ಪರ್ಯಾಯಗಳನ್ನು ಉತ್ತೇಜಿಸಬೇಕೆನ್ನುತ್ತದೆ. ಬೇಡಿಕೆ ಕುಸಿದ ಮೇಲೆ ಪರ್ಯಾಯ ಹುಡುಕುವುದಕ್ಕಿಂತ ಆದಾಯವಿರುವಾಗಲೇ ಹುಡುಕುವುದು ಕಡಿಮೆ ನೋವಿನದು.

ಎರಡನ್ನೂ ತೂಗಿದರೆ ದಿಢೀರ್ ನಿಷೇಧಕ್ಕಾಗಲಿ, ಯಥಾಸ್ಥಿತಿಗಾಗಲಿ ಸಾಕಷ್ಟು ಸಮರ್ಥನೆ ಸಿಗದು. ಹೊಸ ಪರವಾನಗಿ ನಿಲ್ಲಲಿ. ಇರುವವರಿಗೆ ಹರಾಜಿನ ರಕ್ಷಣೆ ಉಳಿಯಲಿ. ಸೌದೆ ಉಳಿಸುವ ಬ್ಯಾರನ್‌ಗಳಿಗೆ ನೆರವು ಸಿಗಲಿ. ಸಿಗರೇಟು ತೆರಿಗೆಯ ಒಂದು ಪಾಲು ಇದೇ ತಾಲ್ಲೂಕುಗಳಿಗೆ ಮರಳಿ, ಸ್ವಇಚ್ಛೆಯಿಂದ ಬೇರೆ ಬೆಳೆಗೆ ಹೊರಳುವವರಿಗೆ ಕೆಲವು ವರ್ಷ ಖರೀದಿಯ ಖಾತ್ರಿ ಒದಗಿಸಲಿ. ಮೊದಲು ಪರ್ಯಾಯಕ್ಕೆ ಮಾರುಕಟ್ಟೆ, ಆಮೇಲೆ ಹೊಗೆಸೊಪ್ಪಿಗೆ ಕಡಿತ: ಈ ಕ್ರಮ ತಪ್ಪಿದರೆ ಒಳ್ಳೆಯ ಉದ್ದೇಶದ ನೀತಿಯೂ ಸಣ್ಣ ರೈತನಿಗೆ ಅನ್ಯಾಯವಾದೀತು.